ಮಾವನವರ ಕಾಲು ಮತ್ತು ನನ್ನ ತೆಳ್ಳನೆ ಪುಸ್ತಕ

ಪುಸ್ತಕ ಕೊಳ್ಳುವ ವಿಷಯದಲ್ಲಿ ನಾನು ಶುದ್ಧ ಪುಕ್ಕಲ. ನನ್ನ ಹೆಂಡತಿ ಜಯ ಅಂಗಡಿಯ ಅರ್ಧ ಸೀರೆಗಳನ್ನು ಬಿಚ್ಚಿಸಿ, "ಇನ್ನೊಂದ್ಸಲ ಬತ್ತೀವಿ" ಎಂದು ನಿರ್ಭಯವಾಗಿ ಎದ್ದು ಬರುತ್ತಾಳೆ. ನಾನೋ, ಪುಸ್ತಕದ ಎರಡು ಪುಟ ತಿರುವಿದರೆ ಸಾಕು, ಕೊಳ್ಳದೆ ಹೋದರೆ ಅಂಗಡಿಯವರು ಏನಂದುಕೊಂಡಾರೋ ಎಂದು ಬೆವರುತ್ತೇನೆ. ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನಲ್ಲಿ ಫಿಸಿಯೋಥೆರಪಿ ಬೋರ್ಡು ಹಾಕಿಕೊಂಡ ಹೊಸತರಲ್ಲಿ, ನನಗೆ ಆಸ್ಟಿಯೋಪಥಿಯ ಹುಚ್ಚು ಹತ್ತಿತು. ಔಷಧಿಯಿಲ್ಲ, ಸೂಜಿಯಿಲ್ಲ; ಹಿಡಿದುಕೊಂಡ ಸೊಂಟ, ಕುತ್ತಿಗೆಗಳನ್ನು ಬರೀ ಕೈಯಲ್ಲಿ ಬಿಡಿಸುವ ವಿದ್ಯೆ. ಕಲಿಸುವವರು ಹತ್ತಿರದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಪುಸ್ತಕ ಹುಡುಕಿಕೊಂಡು ಮೈಸೂರಿಗೆ ಹೋದೆ.

ಅಂಗಡಿಯವರು ಎರಡು ಪುಸ್ತಕ ಮುಂದಿಟ್ಟರು. ಒಂದು ದಿಂಬಿನಷ್ಟು ದಪ್ಪ. ಯಾರಿಗೆ, ಯಾವಾಗ ಕೈ ಹಾಕಬಾರದು ಎಂಬುದೇ ಅದರಲ್ಲಿ ಅರ್ಧ. ನನಗೋ ಕೈ ಹಾಕುವ ಆತುರ. ಪುಟಪುಟಕ್ಕೂ ಫೋಟೊ ಇದ್ದ ತೆಳ್ಳನೆಯದನ್ನೇ ಕೊಂಡೆ. ಫೋಟೊಗಳಲ್ಲಿ ರೋಗಿಯಾಗಿ ಮಲಗಿದ್ದ ವಿದೇಶಿ ಮನುಷ್ಯ ಹೇಗೆ ತಿರುಚಿದರೂ ನಗುತ್ತಲೇ ಇದ್ದ. ರೋಗಿಗಳೆಲ್ಲ ಹೀಗೇ ಇರುತ್ತಾರೆಂದು ನಾನು ನಂಬಿಬಿಟ್ಟೆ.

ಆ ವಾರವೇ ಟಿ. ನರಸೀಪುರದಿಂದ ಫೋನು ಬಂತು. ಹುಲ್ಲಿನ ಹೊರೆ ಎತ್ತಲು ಬಗ್ಗಿದ ಮಾವನವರ ಸೊಂಟ ಹಾಗೇ ಹಿಡಿದುಕೊಂಡಿತ್ತು. ಮೂಳೆಗೇನೂ ಆಗಿಲ್ಲ, ಬರೀ ಹಿಡಿತ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಹುಡುಗಿಯನ್ನು ಮೈ ಒತ್ತುವವನಿಗೆ ಕೊಟ್ಟೆವಲ್ಲ ಎಂದು ಮದುವೆ ಮನೆಯಲ್ಲೇ ಗೊಣಗಿದ್ದ ಬಳಗ ಅದು. ಬಸ್ಸಿನಲ್ಲಿ ಜಯ ಮೆಲ್ಲಗೆ ಹೇಳಿದಳು: "ನೋಡಿ, ಇವತ್ತು ನಮ್ಮಪ್ಪ ಎದ್ದು ಓಡಾಡ್ಬೇಕು. ಇಲ್ದಿದ್ರೆ ಆ ಮನೇಲಿ ನಾನು ತಲೆ ಎತ್ತಂಗಿಲ್ಲ."

ಮಾವನವರು ಪಡಸಾಲೆಯಲ್ಲಿ ಜಮಖಾನದ ಮೇಲೆ ಮಲಗಿದ್ದರು. ಸುತ್ತ ಬಳಗವೆಲ್ಲ ನೆರೆದಿತ್ತು. ನಾನು ಪುಸ್ತಕ ಬಿಚ್ಚಿಟ್ಟೆ. ಫ್ಯಾನಿನ ಗಾಳಿಗೆ ಹಾಳೆ ಹಾರದಿರಲೆಂದು ಅತ್ತೆ ಅದರ ಮೇಲೆ ಎಲೆಯಡಿಕೆ ಡಬ್ಬಿ ಇಟ್ಟರು. ಫೋಟೊದಲ್ಲಿದ್ದಂತೆ ಮಾವನವರನ್ನು ಮಗ್ಗುಲಾಗಿಸಿ, ಕಾಲು ಮಡಿಸಲೆಂದು ಪಾದಕ್ಕೆ ಕೈ ಹಾಕಿದೆ.

"ಅಯ್ಯೋ, ಬುಡಿ ಅಳಿಯಂದ್ರೇ! ಧಾರೇಲಿ ನಿಮ್ ಕಾಲ ತೊಳ್ದು ಮಗಳ ಕೊಟ್ಟೋನು ನಾನು. ನೀವು ನನ್ ಕಾಲ ಇಡ್ಕಳಾದಾ?"

ಸಮಾಧಾನ ಹೇಳಿ, ಮೈ ಸಡಿಲ ಬಿಡಿ ಎಂದೆ. ಮತ್ತೆ ಮುಟ್ಟಿದರೆ ಕೊರಡಿನಂತೆ ಬಿಗಿದುಕೊಂಡರು. ಡಬ್ಬಿ ಸರಿಸಿ ಪುಸ್ತಕ ನೋಡಿದೆ. ರೋಗಿ ಸ್ವಂತ ಮಾವನಾಗಿದ್ದರೆ ಏನು ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಮೂರನೇ ಸಲ ಹೇಳದೆ ಕೇಳದೆ ಗಬಕ್ಕನೆ ಪಾದ ಹಿಡಿದೆ. "ಶಿವಶಿವಾ!" ಎಂದು ಮಾವನವರು ಕಾಲು ಕಿತ್ತುಕೊಂಡು ಎಗರಿ ಕೂತರು. ಸೊಂಟದಲ್ಲಿ ಲಟಕ್ಕೆಂದಿತು. ಏನೋ ಮುರಿಯಿತೆಂದು ನಾನು ಹಿಂದೆ ಸರಿದೆ. ಅವರು ನಿಧಾನವಾಗಿ ಎದ್ದು ನಿಂತರು, ಬಾಗಿಲ ತನಕ ನಡೆದು ವಾಪಸ್ಸು ಬಂದರು.

"ಏನ್ ಕೈಗುಣ ನೋಡ್ರಪ್ಪಾ ನಮ್ಮ ಅಳಿಯಂದ್ರುದು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಜಯಳ ಮುಖ ಆಗ ಎಷ್ಟು ಅರಳಿತೆಂದರೆ, ನಾನಿನ್ನೂ ಏನೂ ಮಾಡಿರಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಆಮೇಲೆ ಎರಡು ಸಲ ಇದೇ ಚಿಕಿತ್ಸೆ ನಡೆಯಿತು. ನಾನು ಪಾದ ಹಿಡಿಯುವುದು, ಅವರು ಎಗರುವುದು. ಊರಲ್ಲಿ ನನಗೆ ಒಳ್ಳೆಯ ಹೆಸರು ಬಂತು. ಪುಸ್ತಕ ಓದುವುದನ್ನು ಬಿಟ್ಟೇಬಿಟ್ಟೆ.

ಮೂರನೇ ವರ್ಷ ಮತ್ತೆ ಸೊಂಟ ಹಿಡಿಯಿತು. ಎಂದಿನಂತೆ ಹೋಗಿ ಪಾದಕ್ಕೆ ಕೈ ಹಾಕಿ, ಎಗರುತ್ತಾರೆಂದು ಕಾದೆ. ಮಾವನವರು ಮಿಸುಕಲಿಲ್ಲ. ಕಣ್ಣು ಮುಚ್ಚಿಕೊಂಡು ಹಾಯಾಗಿ ಕಾಲನ್ನು ನನ್ನ ಕೈಗೆ ಬಿಟ್ಟರು.

"ಮಾಡಿ ಅಳಿಯಂದ್ರೇ. ಈಗ ಸಂಕೋಚ ಗಿಂಕೋಚ ಏನಿಲ್ಲ. ನಿಮ್ ಮ್ಯಾಲೆ ಪೂರ್ತಿ ನಂಬ್ಕೆ ಬಂದ್ಬುಟ್ಟದೆ."

ಬಳಗವೆಲ್ಲ ಕತ್ತು ಚಾಚಿ ನೋಡುತ್ತಿತ್ತು. ಕಾಲು ನನ್ನ ಕೈಯಲ್ಲೇ ಇತ್ತು; ಮುಂದೇನು ಮಾಡಬೇಕೆಂದು ಪುಸ್ತಕದಲ್ಲಿದ್ದದ್ದು ಮರೆತೇ ಹೋಗಿತ್ತು.

"ಜಯಾ," ಎಂದೆ, "ಮೊದಲು ಒಂದಿಷ್ಟು ನೀರು ಕಾಯಿಸು."