ಗಣಿತದ ಮಿಸ್ಸು ಬಾರಿಗೆ ಹೋದದ್ದು

ಒಂದೇ ತಾಲೂಕಿನಲ್ಲಿ ಬಹಳ ಕಾಲ ಗಣಿತ ಕಲಿಸಿದವಳಿಗೆ ಗುಟ್ಟಾಗಿ ಏನನ್ನೂ ಮಾಡಲಿಕ್ಕಾಗುವುದಿಲ್ಲ. ಸಂತೆಯಲ್ಲಿ ಬೀನ್ಸಿಗೆ ಚೌಕಾಸಿ ಮಾಡಿದರೆ ಮಾರುವವನು, "ಆವತ್ತು ನೀವು ನಂಗೆ ಅರ್ಧ ಮಾರ್ಕ್ಸೂ ಬಿಡ್ಲಿಲ್ಲ ಮಿಸ್" ಅನ್ನುತ್ತಾನೆ. ಹಲ್ಲು ಕೀಳಿಸಲು ಹೋದರೆ ಡಾಕ್ಟರು ನನ್ನ ಬಾಯಿಗೆ ಇಕ್ಕಳ ಹಾಕಿದ ಮೇಲೆ, ತನ್ನ ನೆನಪಿದೆಯಾ ಎಂದು ಕೇಳುತ್ತಾನೆ. ನೆನಪಿತ್ತು. ಪ್ರಮೇಯ ಬರದೆ ಬೆಂಚಿನ ಮೇಲೆ ನಿಂತವನು. ಇಕ್ಕಳ ಅವನ ಕೈಯಲ್ಲಿತ್ತಲ್ಲ, ನೀನು ಬಹಳ ಜಾಣ ಹುಡುಗನಾಗಿದ್ದೆ ಅನ್ನುವ ಹಾಗೆ ತಲೆ ಆಡಿಸಿದೆ. ಇಂಥವು ನನಗೆ ಆಗಾಗ ಆಗುತ್ತಲೇ ಇರುತ್ತವೆ. ಹೋದ ಬೇಸಿಗೆಯ ಒಂದು ಭಾನುವಾರ ಮಾತ್ರ ಎಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೆ ಆದವು.

ಪೋಸ್ಟರು

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಹಾಸ್ಟೆಲಿನ ರೇಡಿಯೋದಲ್ಲಿ ಒಬ್ಬ ಗಾಯಕರ ದನಿ ಕೇಳಿದ್ದೆ. ಸಿನಿಮಾಗಳಿಗೆ ಅವರು ಹಾಡಿದ್ದು ಕಡಿಮೆ. ಹೊಸ ದನಿಗಳು ಬಂದವು, ಜನ ಅವರನ್ನು ಮರೆತರು. ನಾನು ಮರೆಯಲಿಲ್ಲ. ಇವತ್ತಿಗೂ ಒಗ್ಗರಣೆ ಹಾಕುವಾಗ, ಉತ್ತರಪತ್ರಿಕೆ ತಿದ್ದುವಾಗ ಅವರ ಹಾಡೇ ಗುನುಗುವುದು. ಆದರೆ ಕಣ್ಣಾರೆ ನೋಡುವ ಯೋಗ ಮಾತ್ರ ಬಂದಿರಲಿಲ್ಲ. ಒಂದು ಸಲ ಅವರು ಹಾಸನಕ್ಕೆ ಬಂದಾಗ ನಾನು ಹೆರಿಗೆ ವಾರ್ಡಿನಲ್ಲಿದ್ದೆ. ಇನ್ನೊಂದು ಸಲ ಬಂದಾಗ ಎಲೆಕ್ಷನ್ ಡ್ಯೂಟಿಯಲ್ಲಿದ್ದೆ.

ಅಂಥವರ ಪೋಸ್ಟರು ಸಕಲೇಶಪುರದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಕಂಡಿತು. ಹಳೇ ಫೋಟೋ, ತಲೆ ತುಂಬ ಕೂದಲು. ಭಾನುವಾರ ಸಂಜೆ ನಾಲ್ಕಕ್ಕೆ ಹಾಡುತ್ತಾರಂತೆ. ಕೆಳಗೆ ಜಾಗದ ಹೆಸರು ಓದಿದೆ. ಬಾರ್ ಅಂಡ್ ರೆಸ್ಟೋರೆಂಟ್.

ನಮ್ಮ ಯಜಮಾನರದು ಕೆ. ಹೊಸಕೋಟೆ ಹತ್ತಿರ ಸ್ವಲ್ಪ ಕಾಫಿ ತೋಟ. ದಿನಾ ಲಿಂಗಪೂಜೆ ಮಾಡದೆ ಕಾಫಿಯನ್ನೂ ಬಾಯಿಗೆ ಹಾಕದ ಮನುಷ್ಯ. ಬಾರು ರಸ್ತೆಯ ಎಡಕ್ಕಿದ್ದರೆ ಇವರು ಬಲಕ್ಕೆ ನಡೆಯುವವರು. ವಿಷಯ ಹೇಳಿದಾಗ, ಆ ಗಾಯಕರನ್ನೇ ನಮ್ಮ ಕಾಫಿ ಒಣಗಿಸುವ ಕಣಕ್ಕೆ ಕರೆಸಲು ಆಗುವುದಿಲ್ಲವೇ ಎಂದು ಕೇಳಿದರು.

"ಅವರಿಗೂ ವಯಸ್ಸಾಯ್ತು, ನಂಗೂ ಆಯ್ತು. ಈ ಸಲ ತಪ್ಪಿದ್ರೆ ಮುಗೀತು ಕಣ್ರೀ" ಅಂದೆ.

ಅದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಒಡೆಯಿತೋ ಏನೋ, ಒಪ್ಪಿಕೊಂಡುಬಿಟ್ಟರು. ಒಂದೇ ಷರತ್ತು: ತಮ್ಮನ್ನು ಯಾರೂ ಗುರುತು ಹಿಡಿಯಬಾರದು. ನನ್ನನ್ನು ಹಿಡಿದರೆ ಪರವಾಗಿಲ್ಲವಂತೆ.

ಮಂಕಿ ಕ್ಯಾಪು

ಗುರುತು ಸಿಗದಿರಲೆಂದು ಅವರು ಮಾಡಿದ ಉಪಾಯ ಮಂಕಿ ಕ್ಯಾಪು. ಮಾಗಿಯ ಚಳಿಯಲ್ಲಾದರೆ ಸರಿ, ಅದು ಏಪ್ರಿಲ್ ಮೊದಲ ವಾರ. ಬಸ್ಸಿನಲ್ಲಿ ಎಲ್ಲರೂ ಬೀಸಣಿಗೆ ಸಿಕ್ಕರೆ ಸಾಕು ಅಂತ ಕೂತಿದ್ದಾಗ ಇವರದು ಕಣ್ಣು ಎರಡು ಮಾತ್ರ ಹೊರಗೆ. ಬಸ್ಸಿಗೆ ಬಸ್ಸೇ ಇವರನ್ನು ನೋಡುತ್ತಿತ್ತು.

ಸಕಲೇಶಪುರದಲ್ಲಿ ಇಳಿದು ಆಟೋ ಹತ್ತಿದೆವು. ಬಾರಿನ ಹೆಸರು ಹೇಳಲು ನಾಲಿಗೆ ಹೊರಳಲಿಲ್ಲ. ಅದು ಒಂದು ಆಸ್ಪತ್ರೆಯಿಂದ ಸ್ವಲ್ಪ ಮುಂದಿತ್ತು. ಹಾಗಾಗಿ ಆಸ್ಪತ್ರೆ ಹತ್ತಿರ ಬಿಡಪ್ಪ ಅಂದೆ. ಡ್ರೈವರು ತಿರುಗಿ ನೋಡಿದ. ನನ್ನ ಸ್ಟೂಡೆಂಟೇ. ಪಕ್ಕದಲ್ಲಿ ಉಣ್ಣೆ ಟೋಪಿಯೊಳಗೆ ಬೆವರು ಸುರಿಸುತ್ತಾ ಮಾತಿಲ್ಲದೆ ಕೂತ ನಮ್ಮ ಯಜಮಾನರನ್ನೂ ನೋಡಿದ. ಏನೂ ಕೇಳಲಿಲ್ಲ. ಹಾರ್ನ್ ಒತ್ತಿದವನು ಕೈ ತೆಗೆಯಲಿಲ್ಲ. ಲಾರಿಗಳೆಲ್ಲ ಪಕ್ಕಕ್ಕೆ ಸರಿದು ದಾರಿ ಕೊಟ್ಟವು.

ಗೇಟಿನಲ್ಲಿ ನಿಲ್ಲಿಸುತ್ತಾನೆ ಅಂದುಕೊಂಡರೆ ಸೀದಾ ಒಳಗೇ ನುಗ್ಗಿಸಿದ. ನಾನು ಸೀರೆ ಸರಿ ಮಾಡಿಕೊಂಡು ಇಳಿಯುವಷ್ಟರಲ್ಲಿ ವೀಲ್‌ಚೇರು ತಂದು ನಿಲ್ಲಿಸಿದ. ಬಾಯಿ ಬಿಟ್ಟರೆ ದನಿಯಿಂದ ಗುರುತು ಸಿಕ್ಕೀತೆಂಬ ಭಯಕ್ಕೆ ನಮ್ಮವರು ಮರುಮಾತಿಲ್ಲದೆ ಅದರಲ್ಲಿ ಕೂತುಬಿಟ್ಟರು. ನರ್ಸಮ್ಮ ಓಡಿಬಂದು ಏನು ತೊಂದರೆ ಎಂದು ಕೇಳಿದರು. ಗಾಬರಿಯಲ್ಲಿ ನನ್ನ ಬಾಯಿಂದ ನಿಜವೇ ಬಂತು.

"ಏನೂ ಇಲ್ಲ ಸಿಸ್ಟರ್, ನಾವು ಬಾರಿಗೆ ಹೊರಟಿದ್ವಿ."

ನರ್ಸಮ್ಮ ಟೋಪಿಯೊಳಗಿನ ಕಣ್ಣುಗಳನ್ನು ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು, "ಎಷ್ಟು ವರ್ಷದಿಂದ ಕುಡೀತಾರಮ್ಮ?"

ಫ್ಯಾಮಿಲಿ ರೂಮು

ಅಲ್ಲಿಂದ ತಪ್ಪಿಸಿಕೊಂಡು ನಡೆದೇ ಬಾರು ಸೇರಿದೆವು. ಸಣ್ಣ ಜಾಗ. ಮೂಲೆಯಲ್ಲಿ ಬೀರಿನ ಕ್ರೇಟುಗಳನ್ನು ಜೋಡಿಸಿ, ಮೇಲೆ ಜಮಖಾನ ಹಾಸಿ ಸ್ಟೇಜು ಮಾಡಿದ್ದರು. ಅಷ್ಟು ನೋಡುವಷ್ಟರಲ್ಲಿ ವೈಟರು ಬಂದು ಅಡ್ಡ ನಿಂತ. ಹೆಂಗಸರು ಬಂದರೆ ಫ್ಯಾಮಿಲಿ ರೂಮಿನಲ್ಲೇ ಕೂರಬೇಕಂತೆ. ಹಿಂಬದಿಯಿಂದ ಕರೆದುಕೊಂಡು ಹೋಗಿ ಕೂರಿಸಿದ. ಮೂರು ಕಡೆ ಪ್ಲೈವುಡ್ಡು, ನಾಲ್ಕನೇ ಕಡೆ ಪರದೆ. ಪರದೆ ಸರಿಸಿದರೆ ಫ್ರಿಜ್ಜು.

ಯಜಮಾನರು ಪಿಸುಮಾತಿನಲ್ಲಿ ವೆಜ್ ಏನಿದೆ ಎಂದು ಕೇಳಿದರು. ವೈಟರು ಸ್ವಲ್ಪ ಯೋಚಿಸಿ, "ಈರುಳ್ಳಿ ಐತೆ ಸಾರ್" ಅಂದ.

ಅಷ್ಟರಲ್ಲಿ ಹಾಡು ಶುರುವಾಯಿತು. ಅದೇ ದನಿ. ಕೆಳಗಿನ ಸ್ವರದಲ್ಲಿ ಸ್ವಲ್ಪ ಒರಟಾಗಿತ್ತು, ಆದರೆ ಸಾಲಿನ ಕೊನೆಗೆ ಒಂದು ತಿರುವು ಕೊಡುತ್ತಿದ್ದರಲ್ಲ, ಅದು ಹಾಗೇ ಇತ್ತು. ನನ್ನ ಕೈಮೇಲಿನ ರೋಮವೆಲ್ಲ ಎದ್ದು ನಿಂತಿತು. ಇಷ್ಟು ಕಾಲ ಕಾದಿದ್ದೇನೆ, ಪ್ಲೈವುಡ್ಡಿನ ಆಚೆಗೇ ಅವರಿದ್ದಾರೆ, ನಾನು ಮಾತ್ರ ಫ್ರಿಜ್ಜು ನೋಡುತ್ತಾ ಕೂತಿದ್ದೇನೆ.

ವೈಟರಿಗೆ ಹಾಗೆಂದೆ. ಅವನು ಸಮಾಧಾನ ಮಾಡಿದ. "ಕೇಳೋಕೆ ಇಲ್ಲೇ ಚೆನ್ನಾಗೈತೆ ಮೇಡಂ. ನೋಡೋಕೇನೈತೆ, ಪೋಸ್ಟರ್‌ನಾಗಿರೋ ಕೂದಲೆಲ್ಲ ಹೋಗ್ಬುಟ್ಟೈತೆ."

ಎದ್ದು ನಿಂತದ್ದು

ನಾನು ಪರದೆ ಸರಿಸಿ ಹಾಡು ನಡೆಯುತ್ತಿದ್ದ ಹಾಲಿಗೆ ನಡೆದೆ.

ಮೊದಲು ನೋಡಿದವನು ಬಾಗಿಲ ಹತ್ತಿರದ ಟೇಬಲ್ಲಿನವನು. ಎಸ್ಟೇಟೊಂದರಲ್ಲಿ ರೈಟರು, ಆಳುಗಳ ಹಾಜರಿ ನೋಡಿಕೊಳ್ಳುವವನು. ನನ್ನ ಹತ್ತಿರ ಭಾಗಾಕಾರ ಕಲಿತವನು. ಧಡಾರನೆ ಎದ್ದು ನಿಂತ. ಅವನೇಕೆ ಎದ್ದನೆಂದು ತಿರುಗಿದ ಪಕ್ಕದ ಟೇಬಲ್ಲಿನವರೂ ಎದ್ದರು. ಕುರ್ಚಿಗಳು ಕಿರ್ರೆಂದವು, ನೋಡನೋಡುತ್ತಾ ಅರ್ಧ ಹಾಲು ಎದ್ದು ನಿಂತಿತು. ಉಳಿದರ್ಧ ಏನೋ ಮರ್ಯಾದೆಯ ವಿಷಯ ಇರಬೇಕೆಂದು ಎದ್ದಿತು. ಗ್ಲಾಸುಗಳು ಟೇಬಲ್ಲಿನ ಕೆಳಗೆ ಇಳಿದವು. ಒಬ್ಬ ತನ್ನ ಗ್ಲಾಸಿನ ಮೇಲೆ ಹೆಲ್ಮೆಟ್ ಮುಚ್ಚಿದ. ಇನ್ನೊಬ್ಬನನ್ನು ಚೆನ್ನಾಗಿದ್ದೀಯಾ, ಮಕ್ಕಳೆಷ್ಟು ಎಂದು ಕೇಳಿದೆ. ಅವನು ಕೆನ್ನೆ ಉಬ್ಬಿಸಿಕೊಂಡು ಬೆರಳಿನಲ್ಲೇ ಎರಡು ಅಂತ ತೋರಿಸಿದ. ಬಾಯಲ್ಲಿದ್ದುದನ್ನು ನನ್ನೆದುರು ನುಂಗಲು ಅವನಿಗೆ ಧೈರ್ಯ ಸಾಲಲಿಲ್ಲ.

ಗಾಯಕರು ಕಣ್ಣು ಮುಚ್ಚಿ ಹಾಡುತ್ತಿದ್ದವರು ಪಲ್ಲವಿ ಮುಗಿಸಿ ಕಣ್ಣು ಬಿಟ್ಟರು. ಬಾರಿಗೆ ಬಾರೇ ಎದ್ದು ಕೈಕಟ್ಟಿ ನಿಂತಿದೆ. ಅವರು ಎದೆಯ ಮೇಲೆ ಕೈಯಿಟ್ಟು, ತಲೆ ಬಗ್ಗಿಸಿ, ಎಲ್ಲರಿಗೂ ನಮಸ್ಕಾರ ಮಾಡಿದರು. ಎಲ್ಲರೂ ನನ್ನ ಮುಖ ನೋಡಿದರು. ಕೂತ್ಕೊಳ್ಳಿ ಅಂತ ಕೈಸನ್ನೆ ಮಾಡಿದೆ. ಕೂತರು.

ಆಮೇಲೆ ಯಾರೂ ಗ್ಲಾಸು ಮುಟ್ಟಲಿಲ್ಲ. ಒಬ್ಬೊಬ್ಬರಾಗಿ ವೈಟರನ್ನು ಕರೆದು ಫ್ರೆಶ್ ಲೈಮ್, ಬಾದಾಮಿ ಹಾಲು ಎಂದು ಕೇಳತೊಡಗಿದರು. ಬಾರಿನ ಮಾಲೀಕರು ಘಟ್ಟದ ಕೆಳಗಿನವರು, ಹೊಸಬರು, ನನ್ನ ಪರಿಚಯವಿಲ್ಲ. ಕೌಂಟರಿನಿಂದ ಇದನ್ನೆಲ್ಲ ನೋಡಿ ನೋಡಿ, ಕೊನೆಗೆ ನನ್ನ ಹತ್ತಿರ ಬಂದು ಬಗ್ಗಿದರು.

"ಮೇಡಂ, ತಾವು ಅಬಕಾರಿ ಇಲಾಖೆಯವರಾ?"

"ಅಲ್ಲ, ಗಣಿತ" ಅಂದೆ.

ಎರಡನೇ ಚರಣ

ಯಾರಿಗಾದರೂ ಯಾವುದಾದರೂ ಹಾಡು ಬೇಕೇ ಎಂದು ಗಾಯಕರು ಕೇಳಿದರು. ನಾನು ಕೈ ಎತ್ತಿದೆ. ಇಷ್ಟು ವರ್ಷದಲ್ಲಿ ನಾನು ಕೈ ಎತ್ತಿದ್ದನ್ನು ಈ ಹುಡುಗರು ನೋಡಿದ್ದೇ ಆವತ್ತು. ಹಾಸ್ಟೆಲಿನಲ್ಲಿ ಮೊದಲು ಕೇಳಿದ್ದ ಹಾಡನ್ನೇ ಕೇಳಿದೆ. ಅವರ ಮುಖ ಅರಳಿತು. ಅದನ್ನು ಯಾರೂ ಕೇಳುವುದೇ ಇಲ್ಲವಂತೆ.

ಅದಕ್ಕೇ ಇರಬೇಕು, ಎರಡನೇ ಚರಣದ ನಡುವೆ ಮರೆತುಬಿಟ್ಟರು. ಕೀಬೋರ್ಡಿನವನು ಅದೇ ಜಾಗದಲ್ಲಿ ಸುತ್ತು ಹೊಡೆಯತೊಡಗಿದ. ಗಾಯಕರ ಹಣೆಯ ಮೇಲೆ ಬೆವರು ಕಂಡಿತು. ನಾನು ಅಭ್ಯಾಸಬಲದಿಂದ, ಕ್ಲಾಸಿನಲ್ಲಿ ಹೇಳುವಷ್ಟೇ ಜೋರಾಗಿ, ಮುಂದಿನ ಸಾಲು ಹೇಳಿಕೊಟ್ಟೆ. ಅವರು ತಡವರಿಸಿ, "ಥ್ಯಾಂಕ್ಸ್ ಮಿಸ್" ಅಂದುಬಿಟ್ಟರು. ನಾನು ಮಿಸ್ಸೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಿಂದಿನ ಟೇಬಲ್ಲಿನಿಂದ ಯಾರೋ, "ಈಗ ಅವರ್ನೂ ಬೆಂಚ್ ಮ್ಯಾಲೆ ನಿಲ್ಲಿಸ್ತಾರೆ ಕಣೋ" ಅಂದದ್ದು ಕೇಳಿಸಿತು.

ಆಮೇಲೆ ಅವರು ಆ ಚರಣವನ್ನು ಮೊದಲಿಂದ ಎತ್ತಿಕೊಂಡು ಹಾಡಿದರಲ್ಲ, ಅದನ್ನು ಹೇಗೆ ಹೇಳಲಿ. ರೇಡಿಯೋದಲ್ಲಿ ಅದು ಹರೆಯದವನ ಹಾಡು. ಇಲ್ಲಿ ಎದುರಿಗೆ ಕೂದಲು ಉದುರಿದ, ಸ್ವಲ್ಪ ಬಾಗಿದ ಮನುಷ್ಯ ಹಾಡುತ್ತಿದ್ದಾಗ ಅದೇ ಮಾತಿಗೆ ಬೇರೆಯೇ ಅರ್ಥ ಬಂದಿತ್ತು. ಪಕ್ಕಕ್ಕೆ ನೋಡಿದರೆ ಯಜಮಾನರು ಯಾವಾಗಲೋ ಫ್ಯಾಮಿಲಿ ರೂಮಿನಿಂದ ಬಂದು ನಿಂತಿದ್ದರು. ಟೋಪಿ ಕೈಯಲ್ಲಿತ್ತು, ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ನನ್ನ ಪಕ್ಕದ ಕುರ್ಚಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತರು.

ಹಾಡು ಮುಗಿದ ಮೇಲೆ ಗಾಯಕರು ನಮ್ಮ ಟೇಬಲ್ಲಿಗೇ ಬಂದರು. ಈಚೆಗೆ ಇಂಥ ಜಾಗಗಳಲ್ಲೇ ಹಾಡುವುದು, ಯಾರೂ ತಿರುಗಿ ನೋಡುವುದಿಲ್ಲ, ಇವತ್ತು ಎಲ್ಲರೂ ಎದ್ದು ನಿಂತರು, ಕುಡಿಯುವುದನ್ನೂ ಬಿಟ್ಟು ಕೇಳಿದರು, ಇದೆಂಥ ಊರು ತಾಯಿ ಎಂದು ಕೇಳಿದರು. ಅವರ ಕಣ್ಣು ಒದ್ದೆಯಾಗಿತ್ತು. ನಿಜ ಹೇಳಲು ನನಗೆ ಮನಸ್ಸು ಬರಲಿಲ್ಲ.

"ನಮ್ಮ ಕಡೆಯೋರಿಗೆ ಸಂಗೀತ ಅಂದ್ರೆ ಹಾಗೇನೇ ಸಾರ್" ಅಂದೆ. ಹಿಂದಿನ ಟೇಬಲ್ಲಿನವರು ಹೌದು ಹೌದು ಎಂದು ತಲೆ ಆಡಿಸುತ್ತಾ ಬಾದಾಮಿ ಹಾಲು ಕುಡಿದರು.

ಸೋಮವಾರ

ಮರುದಿನ ಸ್ಕೂಲಿನ ಗೇಟಿನಲ್ಲಿ ಒಂದಷ್ಟು ಹೆಂಗಸರು ಗುಂಪಾಗಿ ನಿಂತಿದ್ದರು. ನನ್ನನ್ನು ಕಂಡದ್ದೇ ಮಾತು ನಿಲ್ಲಿಸಿದರು. ಮೇಷ್ಟ್ರಮ್ಮ ಬಾರಿಗೆ ಹೋಗಿ ಕೂತರೆ ನಮ್ಮ ಮಕ್ಕಳ ಗತಿಯೇನು ಎಂದು ಹೆಡ್‌ಮಾಸ್ಟರಿಗೆ ದೂರು ಕೊಡಲು ಬಂದಿದ್ದಾರೆ, ಇನ್ನೇನು. ಹಾಡು ಕೇಳಲು ಹೋಗಿದ್ದೆ ಎಂದರೆ ಯಾರು ನಂಬುತ್ತಾರೆ.

ಗುಂಪಿನ ಮುಂದಿದ್ದವಳು ಎಸ್ಟೇಟು ರೈಟರನ ಹೆಂಡತಿ. ನೀವು ನಿನ್ನೆ ಬಾರಿಗೆ ಹೋಗಿದ್ದು ನಿಜವಾ ಎಂದು ಕೇಳಿದಳು. ಹೌದೆಂದು ಒಪ್ಪಿಕೊಂಡೆ. ತನ್ನ ಗಂಡ ನಿನ್ನೆ ಬೆಳಕಿದ್ದಂಗೆ ಮನೆಗೆ ಬಂದ, ನೆಟ್ಟಗೆ ನಡೆದುಕೊಂಡು ಬಂದ, ಉಂಡ, ಮಗಳಿಗೆ ಭಾಗಾಕಾರ ಹೇಳಿಕೊಟ್ಟು ಮಲಗಿದ ಎಂದಳು. ಉಳಿದವರೂ ತಂತಮ್ಮ ಮನೆಯ ಸುದ್ದಿ ಹೇಳಿದರು. ಎಲ್ಲರದೂ ಹೆಚ್ಚುಕಡಿಮೆ ಅದೇ.

ಹಾಗಾದರೆ ದೂರಲ್ಲ ಎಂದು ನಾನು ಉಸಿರು ಬಿಟ್ಟೆ. ಅವಳು ಇನ್ನೊಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದಳು.

"ವಾರಕ್ಕೆ ಮೂರು ದಿನನಾದ್ರೂ ಬಾರಿಗೆ ಹೋಗಿ ಮಿಸ್. ಮಂಗಳವಾರ, ಶುಕ್ರವಾರ, ಭಾನುವಾರ. ಉಳಿದ ದಿನ ನಾವು ಹೆಂಗೋ ನೋಡ್ಕೊಂತೀವಿ."