ಗೇರ್ ಬೀಳದ ಬುಲ್ಡೋಜರ್

ದೊಡ್ಡ ಮೆಷಿನು ಕೆಟ್ಟು ನಿಂತಲ್ಲಿ ಯಾರದಾದರೂ ಅನ್ನಕ್ಕೆ ಕಲ್ಲು ಬಿದ್ದಿರುತ್ತದೆ. ನಗಬಾರದ ಜಾಗ ಅದು. ನನ್ನ ಗ್ರಹಚಾರ ನೋಡಿ, ಕೆಲಸದುದ್ದಕ್ಕೂ ನನಗೆ ನಗು ಬಂದದ್ದು ಅಲ್ಲೇ! ಎಂಜಿನಿಯರಿಂಗ್ ಓದಿ ಮುಂಬಯಿಯ ಕುರ್ಲಾದ ವರ್ಕ್‌ಶಾಪೊಂದರಲ್ಲಿ ಗೇರ್‌ಬಾಕ್ಸುಗಳ ಡಾಕ್ಟರಾಗಿದ್ದೆ. ಎಪ್ಪತ್ತರ ದಶಕದಲ್ಲಿ ದಹಿಸರಿನ ಕಲ್ಲುಕ್ವಾರಿಯಲ್ಲಿ ನಿಂತುಬಿಟ್ಟಿದ್ದ ಬುಲ್ಡೋಜರಿನ ಕಥೆ ಹೇಳುತ್ತೇನೆ, ಕೇಳಿ.

೧. ಬಿದ್ದವರು ಯಾರು?

ಕ್ವಾರಿಯ ಮಾಲೀಕರು ಉಡುಪಿ ಕಡೆಯವರು. ಸಾಂತಾಕ್ರೂಜಿನಲ್ಲಿ ಹೋಟೆಲು ನಡೆಸಿ, ಆಮೇಲೆ ಕಲ್ಲಿಗೆ ಕೈಹಾಕಿದವರು. ದೋಸೆ ಹಿಟ್ಟಿನ ಹದ ಬಲ್ಲರು, ಮೆಷಿನಿನದು ಅರಿಯರು. ಡ್ರೈವರ್ ಬಿಜಾಪುರದ ಕಡೆಯವನು.

"ಏನಾಗಿದೆಯಪ್ಪಾ?" ಅಂದೆ.

"ಗೇರ್ ಬೀಳವಲ್ದ್ರೀ ಸಾಹೇಬ್ರ."

ಮಾಲೀಕರು ನಡುವೆ ಬಾಯಿ ಹಾಕಿದರು: "ಬೀಳದಿದ್ರೆ ಒಳ್ಳೇದೇ ಅಲ್ವಾ ಮಾರಾಯ್ರೆ? ಹೋದ ಮಳೆಗಾಲದಲ್ಲಿ ಇದರ ಮೇಲಿಂದ ಹಿಂದಿನ ಡ್ರೈವರೇ ಬಿದ್ದು ಸತ್ತ!"

೨. ನರಳಾಟದ ಪರೀಕ್ಷೆ

ಗೇರ್ ಅಂದರೇನೆಂದು ಅವರಿಗೆ ತಿಳಿಸಿದ್ದೇ ತಪ್ಪಾಯಿತು. "ಹಾಗಾದ್ರೆ ಗೇರ್‌ಬಾಕ್ಸ್ ಇವನೇ ಸುಟ್ಟದ್ದು. ಹೌದಂತಾದ್ರೆ ಸಂಜೆಯೊಳಗೆ ಕೆಲಸವೂ ಇಲ್ಲ, ಖೋಲಿಯೂ ಇಲ್ಲ," ಅಂದರು. ಆ ತಗಡಿನ ಖೋಲಿಯ ಬಾಗಿಲಲ್ಲೇ ಡ್ರೈವರನ ಹೆಂಡತಿ ನಿಂತಿದ್ದಳು.

ನಾನು ಡ್ರೈವರನಿಗೆ ಹೇಳಿದೆ: "ಬ್ರೇಕ್ ಒತ್ತಿ ಹಿಡಿ, ಗೇರ್ ಹಾಕಿ ಇಂಜಿನ್ ಏರಿಸು. ಭಾರಕ್ಕೆ ಅದು ನರಳಬೇಕು. ನರಳದಿದ್ದರೆ ಗೇರ್‌ಬಾಕ್ಸ್ ಹಿಡೀತಿಲ್ಲ ಅಂತ ಅರ್ಥ."

ಇಂಜಿನ್ ನರಳಲಿಲ್ಲ, ಹಾಯಾಗಿ ಕೂಗಿತು. ಅತ್ತ ಹೆಂಡತಿ ಸೆರಗು ಬಾಯಿಗೊತ್ತಿ ಬಿಕ್ಕತೊಡಗಿದಳು.

ಡ್ರೈವರ್ ಮೇಲಿಂದ ಕೇಳಿದ: "ಸಾಹೇಬ್ರ, ಮೆಷಿನ್ ಬದ್ಲಿ ಆಕಿ ನರಳಾಕತ್ಯಾಳ. ನಡೀತದನ?"

೩. ವಾಸನೆ

ಇನ್ನು ಉಳಿದದ್ದು ಗೇರ್‌ಬಾಕ್ಸಿನ ಎಣ್ಣೆ ನೋಡುವುದು. ಬರೀ ಸುಟ್ಟ ವಾಸನೆ ಬಂದರೆ ಡ್ರೈವರನ ಕಥೆ ಮುಗಿಯಿತು. ಬಿರಡೆ ಬಿಚ್ಚಿದೆ. ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಎಣ್ಣೆ, ಕಡೆದ ಮಜ್ಜಿಗೆಯ ಹಾಗೆ ನೊರೆ ನೊರೆಯಾಗಿ ಉಕ್ಕಿತು. ಬೆರಳಿಗೆ ಹಚ್ಚಿ ಮೂಸಿದರೆ ನನಗೆ ಇಡ್ಲಿ, ಚಟ್ನಿಪುಡಿ ನೆನಪಾಗಬೇಕೇ!

"ಇದಕ್ಕೆ ಎಳ್ಳೆಣ್ಣೆ ಹಾಕಿದ್ದು ಯಾರು?"

ಡ್ರೈವರ್ ಬೆಪ್ಪಾಗಿ ನೋಡಿದ. ಮಾಲೀಕರು ಕೆಮ್ಮಿದರು.

"ನಾನೇ ಮಾರಾಯ್ರೆ. ನನಗೆ ಸಾಡೇಸಾತಿ. ಶನಿವಾರ ಶನಿವಾರ ಕಬ್ಬಿಣಕ್ಕೆ ಎಳ್ಳೆಣ್ಣೆ ಎರೀಬೇಕು ಅಂತ ಜೋಯಿಸರು ಹೇಳಿದ್ರು. ಹೊರಗೆ ಎರೆದ್ರೆ ನೆಲ ಕುಡೀತದೆ. ಒಳಗೆ ಹಾಕಿದ್ರೆ ಶನಿದೇವ್ರಿಗೂ ಆಯ್ತು, ಮೆಷಿನಿಗೂ ಆಯ್ತು ಅಂತ..."

"ಎಣ್ಣೆ ಹೆಚ್ಚಾಗಿ ನೊರೆ ಕಟ್ಟಿದೆ ಸ್ವಾಮಿ. ನೊರೆಯಲ್ಲಿ ಗೇರ್ ಹಿಡಿಯೋದಿಲ್ಲ. ಜಾರಿ ಜಾರಿ ಒಳಗಿನ ಪ್ಲೇಟುಗಳು ಹಾಳಾಗಿವೆ. ಇದರಲ್ಲಿ ಡ್ರೈವರನ ತಪ್ಪೇನೂ ಇಲ್ಲ."

ಮಾಲೀಕರು ಬಗ್ಗಿ ಆ ನೊರೆಯನ್ನು ನೋಡಿದರು. ಆಮೇಲೆ ಮೆಲ್ಲಗೆ, ನಿಜವಾದ ಭಯದಿಂದಲೇ ಕೇಳಿದರು: "ಅದಿರಲಿ, ಶನಿ ಬಿಟ್ಟು ಹೋದನಾ ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಕೈಮುಗಿದ: "ಹೋದ್ನಲ್ರೀ ಸಾವ್ಕಾರ್ರ! ನನ್ನ ಹೆಗಲಿಂದ ಇಳದು, ನಿಮ್ಮ ಗೇರ್‌ಬಾಕ್ಸ್ ಕರ್ಕೊಂಡು ಹೋದ."