ಯಜಮಾನರ ಹಾಡನ್ನು ಫೋನಿನಿಂದ ಹೊರಗೆ ತೆಗೆದ ಪ್ರಸಂಗ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯ ಹೊರಗಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಬ್ಯಾಂಕಿನ ಖಾತೆ, ಗ್ಯಾಸು, ರೇಷನ್ ಕಾರ್ಡು, ಕರೆಂಟಿನ ಮೀಟರು ಎಲ್ಲವನ್ನೂ ನನ್ನ ಹೆಸರಿಗೆ ಮಾಡಿಸಿಕೊಂಡೆ. ಜಮಖಂಡಿಯ ಕಚೇರಿಯೊಂದರಲ್ಲಿ "ಸಾಹೇಬರು ಇಲ್ಲ, ನಾಳೆ ಬರ್ರಿ" ಎಂದವರ ಎದುರಿಗೆ ಬುತ್ತಿ ಬಿಚ್ಚಿಕೊಂಡು ಕೂತು, ಅದೇ ದಿನ ಸಾಹೇಬರನ್ನು ಬರುವಂತೆ ಮಾಡಿದ ಹೆಣ್ಣುಮಗಳು ನಾನು. ಆದ್ದರಿಂದ ಒಂದು ಹಾಡನ್ನು ಒಂದು ಫೋನಿನಿಂದ ಹೊರಗೆ ತೆಗೆಯುವುದು ನನಗೆ ಕೆಲಸವೆಂದೇ ಅನಿಸಲಿಲ್ಲ. ಅದರಲ್ಲಿ ಏನಿದೆ? ಹತ್ತನೆಯ ಇಯತ್ತೆ ಪಾಸಾದವಳು!

ಹಾಡು ಯಜಮಾನರದು. ಬನಹಟ್ಟಿಯಲ್ಲಿ ನಮ್ಮದೂ ಮಗ್ಗಗಳಿದ್ದವು. ಅವರಿಗೆ ಉಸಿರಿನ ತೊಂದರೆ ಶುರುವಾದ ಮೇಲೆ ಅವನ್ನು ಮಾರಿದೆವು. ಕೈ ಖಾಲಿಯಾದವರು ಭಜನಾ ಮಂಡಳಿಯ ಹಾರ್ಮೋನಿಯಂ ಹಿಡಿದರು. ಮುಧೋಳಕ್ಕೆ ಕೊಟ್ಟ ನಮ್ಮ ಮಗಳು ಸುಮಾ ಒಮ್ಮೆ ಬಂದಾಗ ಅವರ ಫೋನಿನಲ್ಲಿ ಹಾಡು ತಯಾರಿಸುವ ಆ್ಯಪ್ ಒಂದನ್ನು ಹಾಕಿಕೊಟ್ಟಳು. ಹಾರ್ಮೋನಿಯಂ ಒಂದು ಸಾಲು, ತಾಳ ಒಂದು ಸಾಲು, ದನಿ ಒಂದು ಸಾಲು. ಬೇರೆ ಬೇರೆ ಹಿಡಿದಿಟ್ಟು ಒಂದರ ಮೇಲೊಂದು ಕೂಡಿಸಬೇಕು. ನೇಯ್ದು ಬದುಕಿದ ಮನುಷ್ಯನಿಗೆ ಇದು ಕೂಡಲೇ ತಿಳಿಯಿತು. ನನಗೆ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಆಗ ಇರಲಿಲ್ಲ.

ಒಂದೇ ತೊಡಕು. ನಮ್ಮ ಗೋಡೆಯ ಆಚೆ ಶಾಂತಕ್ಕನ ಕರೆಂಟಿನ ಮಗ್ಗಗಳಿವೆ. ಅವು ನಡೆಯುವಾಗ ನಮ್ಮ ಮನೆಯಲ್ಲಿ ಮಾತಾಡಿದ್ದೇ ಕೇಳುವುದಿಲ್ಲ, ಇನ್ನು ಹಾಡು ಹಿಡಿಯುವುದೆಲ್ಲಿ! ಹೀಗಾಗಿ ಅವರು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದರು. ಇಡೀ ಊರು ಕರೆಂಟ್ ಹೋಯಿತೆಂದು ಬೈಯುವ ಹೊತ್ತಿನಲ್ಲಿ ನಮ್ಮ ಮನೆಯಲ್ಲೊಬ್ಬರು ಮಾತ್ರ ಹಬ್ಬ ಬಂದಂತೆ ಒಳಗೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಪಡಸಾಲೆಯಲ್ಲಿ ಶಾಂತಕ್ಕನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದೆ. ಒಳಗೆ ಏನು ನಡೆದಿದೆ ಎಂದು ಇಣುಕಿ ನೋಡಿದವಳಲ್ಲ.

ವರ್ಷದ ಕಾರ್ಯ ಹತ್ತಿರ ಬಂದಾಗ ತೇರದಾಳದಿಂದ ಪಾಯಪ್ಪಣ್ಣ ಬಂದ. ಮಂಡಳಿಯಲ್ಲಿ ತಾಳ ಹಾಕುವವನು, ಯಜಮಾನರ ಜೀವದ ಗೆಳೆಯ.

"ವೈನಿ, ಅಂವಾ ತಾನ ಕಟ್ಟಿದ್ದೊಂದು ಹಾಡ ಐತ್ರಿ. ನನ್ನ ಕಡಿಂದನೂ ತಾಳಾ ಹಾಕಿಸಿಕೊಂಡಿದ್ದ. ಕಾರ್ಯದ ದಿವಸ ಅವನ ದನಿ ಮುಂದ, ನಾವು ಹಿಂದ ಹಾಡ್ತೀವಿ. ಅದನ್ನಷ್ಟ ತಗದು ಕೊಡ್ರಿ."

"ಅದ್ರಾಗೇನೈತಿ ಪಾಯಪ್ಪಣ್ಣ, ಚಾ ಕುಡಿಯೂದ್ರಾಗ ಕಳಸ್ತೀನಿ" ಎಂದೆ.

ಚಹಾ ಆರುವುದರೊಳಗೆ ಕಳಿಸಿಯೂಬಿಟ್ಟೆ. ಯಜಮಾನರ ಫೋನಿನಲ್ಲಿ ಹಾಡಿನ ಹೆಸರನ್ನು ಒತ್ತಿ ಹಿಡಿದರೆ 'ಶೇರ್' ಎಂದು ಬಂತು. ಅವನೊಬ್ಬನಿಗೆ ಯಾಕೆ, ಎಲ್ಲರೂ ಕೇಳಲಿ ಎಂದು ಮಂಡಳಿಯ ಗ್ರೂಪಿಗೇ ಹಾಕಿದೆ. ಪಾಯಪ್ಪಣ್ಣ ತನ್ನ ಫೋನನ್ನು ತಿರುವಿ ಮುರುವಿ ನೋಡಿದ.

"ಏನೋ ಬಂದೈತ್ರಿ ವೈನಿ, ತೆರಿವಲ್ದು."

ನಾನು ಕಳಿಸಿದ್ದು ಹಾಡಲ್ಲವಂತೆ. ಆ ಆ್ಯಪ್ ಇದ್ದವರಿಗಷ್ಟೇ ತೆರೆಯುವ ಕಟ್ಟಂತೆ. ಹಾಡು ಬೇಕಾದರೆ 'ಎಕ್ಸ್‌ಪೋರ್ಟ್' ಎಂಬುದನ್ನು ಒತ್ತಬೇಕಂತೆ. ಇದನ್ನು ಸುಮಾ ಫೋನಿನಲ್ಲಿ ತಿಳಿಸುವಷ್ಟರಲ್ಲಿ ಗ್ರೂಪಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ತೀರಿಕೊಂಡವರ ನಂಬರಿನಿಂದ ಹೆಸರಿಲ್ಲದ ಫೈಲು ಬಂದಿದೆ, ಮುಟ್ಟಿದರೆ ಬ್ಯಾಂಕಿನ ದುಡ್ಡು ಹೋಗುತ್ತದೆ! ಮಂಡಳಿಯ ಹಿರಿಯರೆಲ್ಲ ಫೋನ್ ಬಂದ್ ಮಾಡಿ ಕಪಾಟಿನಲ್ಲಿಟ್ಟರು. ನಮ್ಮ ಯಜಮಾನರು ಬದುಕಿದ್ದಾಗ ಒಬ್ಬರ ಚಹಾದ ಹಂಗನ್ನೂ ಇಟ್ಟುಕೊಂಡವರಲ್ಲ. ಅವರಿಗೆ ಕಳ್ಳರ ಪಟ್ಟ ಕಟ್ಟಿಸಿದವಳು ನಾನು.

ಮರುದಿನ ಎಕ್ಸ್‌ಪೋರ್ಟ್ ಒತ್ತಿದೆ. ಫೋನಿನಲ್ಲಿ ಜಾಗವಿಲ್ಲ ಎಂದು ಬಂತು.

ಜಾಗ ಮಾಡುವುದು ನನಗೆ ಹೇಳಿಕೊಡಬೇಕೇ? ಫೈಲುಗಳ ಫೋಲ್ಡರ್ ತೆರೆದೆ. ಹಾಡಿನ ಹೆಸರಿನಡಿ ಎರಡು ದೊಡ್ಡ ಫೈಲು, ಅವುಗಳ ಕೆಳಗೆ ಲೆಕ್ಕವಿಲ್ಲದಷ್ಟು ಸಣ್ಣವು. ಒಂದೊಂದೂ ಉಸಿರೆಳೆದು ಬಿಡುವಷ್ಟು ಉದ್ದ. ಕಂಡಿಕೆ ಸುತ್ತುವವರಿಗೆ ಇದರಲ್ಲಿ ಯೋಚಿಸುವುದೇನೂ ಇಲ್ಲ. ಉದ್ದ ನೂಲು ಕೆಲಸಕ್ಕೆ, ತುಂಡು ನೂಲು ಕಸಕ್ಕೆ. ಇಷ್ಟು ವರ್ಷ ಅದೇ ಮಾಡಿದ್ದೇನೆ. ಕೈ ತಾನಾಗಿಯೇ ನಡೆಯಿತು. ಸಣ್ಣವನ್ನೆಲ್ಲ ಆರಿಸಿ ಡಿಲೀಟ್ ಒತ್ತಿದೆ.

ಶಾಂತಕ್ಕ ಕಂಡಿಕೆ ಒಯ್ಯಲು ಬಂದಿದ್ದಳು. ಮಗ್ಗದ ಸದ್ದಿನಲ್ಲೇ ಬಾಳಿದವಳು, ಹೀಗಾಗಿ ಗುಟ್ಟನ್ನೂ ಕೂಗಿಯೇ ಹೇಳುತ್ತಾಳೆ.

"ಏನ ನಡಸೀ ಬೇ, ಫೋನಿನ್ಯಾಗ ಮಾರಿ ಹಾಕ್ಕೊಂಡು?"

"ಕಸಾ ತಗ್ಯಾಕತ್ತೇನಿ. ಆದ್ರ ಇನ್ನೂ ಜಾಗಾ ಆಗಿಲ್ಲ ಅಂತೈತಿ ನೋಡ. ಕಸಾ ಎಲ್ಲಾ ಬುಟ್ಟ್ಯಾಗ ಕುಂತೈತಂತ, ಬುಟ್ಟಿ ಖಾಲಿ ಮಾಡ್ಲೇನು ಅಂತ ಕೇಳತೈತಿ."

"ಮಾಡಲಾ! ಕಸಾ ಇಟ್ಕೊಂಡು ಪೂಜಾ ಮಾಡ್ತೀಯೇನ?"

ಬೆರಳು ಎತ್ತಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಶಾಂತಕ್ಕ ಕರೆಂಟಿನವರ ಏಳು ತಲೆಮಾರಿಗೆ ಮಂಗಳಾರತಿ ಮಾಡುತ್ತ ಓಡಿದಳು. ಇಷ್ಟು ಸುಮ್ಮನಿರುವಾಗ ಹಾಡನ್ನೊಮ್ಮೆ ಕೇಳಿಯೇ ಬಿಡೋಣ ಎನಿಸಿತು. ಆ್ಯಪ್ ತೆರೆದು ಒತ್ತಿದೆ.

ಹಾರ್ಮೋನಿಯಂ ಬಂತು. ತಾಳ ಬಂತು. ದನಿ ಬರಲಿಲ್ಲ. ದನಿಯ ಸಾಲಿನಲ್ಲಿ ಬಣ್ಣ ಹೋದ ಸಣ್ಣ ಸಣ್ಣ ಚೌಕಗಳು, ಒಂದೊಂದರ ಮೇಲೂ ಒಂದು ಕೆಂಪು ಗುರುತು. 'ಫೈಲು ಸಿಗುತ್ತಿಲ್ಲ.'

ನಮ್ಮ ಮನೆಯಲ್ಲಿ ಅವರ ಫೋಟೋ ಇದೆ, ಅಂಗಿ ಇದೆ, ಹಾರ್ಮೋನಿಯಂ ಇದೆ. ದನಿ ಇದ್ದದ್ದು ಆ ಫೋನಿನಲ್ಲಿ ಮಾತ್ರ. ಅದನ್ನು ನಾನು ಕೈಯಾರೆ ಗುಡಿಸಿ ಬುಟ್ಟಿಗೆ ಹಾಕಿದ್ದೆ.

ಸುಮಾಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ.

"ಅವ್ವಾ, ಬುಟ್ಟಿ ಖಾಲಿ ಮಾಡಿಲ್ಲ ಹೌದಲ್ಲೋ?"

"ಇಲ್ಲ."

"ಖರೆ ಹೇಳ."

"ಕರೆಂಟ್ ಹೋತವ್ವಾ, ಇಲ್ಲಾಂದ್ರ ಮಾಡಿಬಿಡ್ತಿದ್ದೆ!"

"ಕರೆಂಟಿಗೂ ಬುಟ್ಟಿಗೂ ಏನ ಸಂಬಂಧ? ಇರ್ಲಿ. ಬುಟ್ಟಿ ತೆರಿ, ಎಲ್ಲಾ ಆರಿಸು, 'ರೀಸ್ಟೋರ್' ಒತ್ತು. ಬ್ಯಾರೆ ಯಾವುದೂ ಮುಟ್ಟಬ್ಯಾಡ. ನಿನ್ನ ಕೈ ಮುಗೀತೀನಿ."

ಬುಟ್ಟಿ ತೆರೆದೆ. ಅವರ ಫೋನು ಹಳೆಯದು, ಚಾರ್ಜರಿಗೆ ಹಚ್ಚಿದರಷ್ಟೇ ಜೀವ ಹಿಡಿಯುತ್ತದೆ. ಚಾರ್ಜ್ ಆಗಲೇ ಕೆಂಪಿಗೆ ಇಳಿದಿತ್ತು. ಸುಮಾ ಹೇಳಿದಂತೆ ಒತ್ತಿ ಸುಮ್ಮನಿರಬೇಕಿತ್ತು. ಆದರೆ ಇಷ್ಟು ಸಣ್ಣದರಲ್ಲಿ ಏನಿರಬಹುದು ಎಂದು ಮೊದಲನೆಯದನ್ನು ಕೇಳಿದೆ.

"ಸಂತಿ ಮುಗಿಯಿತು..." ಅವರ ದನಿ. ಆಮೇಲೆ ಏದುಸಿರು. ಅಷ್ಟೇ.

ಎರಡನೆಯದು. "ಗಂಟು ಕಟ್ಟೋ..." ಮತ್ತೆ ಏದುಸಿರು, ಕೆಮ್ಮು.

ಒಂದು ಸಾಲನ್ನು ಒಂದೇ ಉಸಿರಿಗೆ ಹಾಡಲು ಅವರಿಗೆ ಆಗುತ್ತಿರಲಿಲ್ಲ. ಅರ್ಧ ಸಾಲು ಹಾಡಿ, ನಿಂತು, ಸುಧಾರಿಸಿಕೊಂಡು, ಉಳಿದರ್ಧ ಹಾಡಿ, ತುಂಡು ತುಂಡನ್ನು ಗಂಟು ಕಾಣದ ಹಾಗೆ ಜೋಡಿಸಿದ್ದರು. ನಾನು ಗೋಡೆಯ ಈಚೆ ಕಂಡಿಕೆ ಸುತ್ತುತ್ತ, ಒಳಗಿನವರು ಆರಾಮವಾಗಿ ಹಾಡಿಕೊಂಡಿದ್ದಾರೆ ಎಂದುಕೊಂಡಿದ್ದೆ.

ಮೂರನೆಯದನ್ನು ಕೇಳಲು ಧೈರ್ಯ ಸಾಲಲಿಲ್ಲ. ಎಲ್ಲ ಆರಿಸಿ ರೀಸ್ಟೋರ್ ಒತ್ತಿದೆ. ತೆರೆಯ ಮೇಲೆ ಚಕ್ರವೊಂದು ತಿರುಗತೊಡಗಿತು. ಅರ್ಧ ತಿರುಗಿತು, ಮುಕ್ಕಾಲು ತಿರುಗಿತು, ಫೋನು ಸತ್ತಿತು!

ಮಗ್ಗವಿಲ್ಲದಿದ್ದರೂ ಕರೆಂಟಿಗಾಗಿ ಹರಕೆ ಹೊತ್ತವಳು ಅವತ್ತು ಬನಹಟ್ಟಿಯಲ್ಲಿ ನಾನೊಬ್ಬಳೇ ಇರಬೇಕು. ಶಾಂತಕ್ಕ ಬಂದು ಸಂಗತಿ ಕೇಳಿ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು.

"ನಿನ್ನ ಕೈಯಾಗ ಇದು ಇರೂದ ಬ್ಯಾಡ!" ಎಂದು ದೇವರ ಮಾಡದಲ್ಲಿಟ್ಟು ಅದಕ್ಕೆ ವಿಭೂತಿಯನ್ನೂ ಹಚ್ಚಿದಳು. ವಿಭೂತಿ ಚಾರ್ಜಿನ ತೂತಿಗೆ ಹೋಯಿತು. ಕರೆಂಟ್ ಬಂದ ಮೇಲೆ ಅದನ್ನು ಊದಿ, ಸೂಜಿಯಿಂದ ಕೆದರಿ, ಚಾರ್ಜರ್ ಹಚ್ಚುವುದರಲ್ಲಿ ನನಗೂ ಅವಳಿಗೂ ಮಾತು ಬಿಡುವಷ್ಟು ಜಗಳವಾಯಿತು. ಫೋನು ಎದ್ದಿತು. ಆ್ಯಪ್ ತೆರೆದೆ. ಚೌಕಗಳಿಗೆ ಬಣ್ಣ ಬಂದಿತ್ತು. ಒಂದೂ ಕಳೆದಿರಲಿಲ್ಲ.

ಜಾಗಕ್ಕಾಗಿ ಈ ಸಲ ಮಂಡಳಿಯವರು ಕಳಿಸಿದ್ದ ಶುಭೋದಯದ ಗುಲಾಬಿಗಳನ್ನು ತೆಗೆದುಹಾಕಿದೆ. ಬೇಕಾದದ್ದಕ್ಕಿಂತ ಹೆಚ್ಚೇ ಜಾಗವಾಯಿತು!

ಇನ್ನು ಎಕ್ಸ್‌ಪೋರ್ಟ್ ಒತ್ತುವುದೊಂದೇ ಬಾಕಿ. ಆಗ ಕಣ್ಣಿಗೆ ಬಿತ್ತು. ಆ್ಯಪಿನಲ್ಲಿ ಪ್ರತಿ ಸಾಲಿನ ಪಕ್ಕಕ್ಕೂ ಒಂದೊಂದು ಸಣ್ಣ ಗುಂಡಿ. ಹಾರ್ಮೋನಿಯಂ, ತಾಳ, ದನಿ, ಎಲ್ಲವೂ ಬೆಳಗುತ್ತಿವೆ. ಎಲ್ಲಕ್ಕಿಂತ ಕೆಳಗಿನ ಸಾಲೊಂದು ಮಾತ್ರ ಕತ್ತಲಾಗಿದೆ. ವರ್ಷದ ಕಾರ್ಯಕ್ಕೆ ಹಾಕುವ ಹಾಡು, ಅದರಲ್ಲೊಂದು ದೀಪ ಆರಿದ್ದರೆ ಹೇಗೆ? ಒತ್ತಿದೆ. ಅದೂ ಬೆಳಗಿತು. ನನಗೆ ತೃಪ್ತಿಯಾಯಿತು. ಎಕ್ಸ್‌ಪೋರ್ಟ್ ಒತ್ತಿದೆ, ಈ ಸಲ ಹಾಡು ಹೊರಗೆ ಬಂತು.

"ಕಳಸೂಕಿಂತ ಮದಲ ಪೂರ್ತಿ ಕೇಳ ಅವ್ವಾ" ಎಂದು ಸುಮಾ ಹೇಳಿದ್ದಳು. ಮೊದಲ ನುಡಿ ಕೇಳಿದೆ. ಮುಂದೆ ಆಗಲಿಲ್ಲ. ಶಾಂತಕ್ಕನ ಮಗ್ಗದ ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಸುಮಾಗೆ ಹೇಳಿದೆ. ಅವತ್ತು ಮಗ್ಗಗಳಿಗೆ ರಜೆ ಇತ್ತು.

ಕಾರ್ಯದ ದಿನ ಅಂಗಳದಲ್ಲಿ ಪೆಂಡಾಲು ಹಾಕಿದ್ದೆವು. ಹಾರ ಹಾಕಿದ ಫೋಟೋದ ಎದುರಿಗೆ ಮಂಡಳಿಯವರು ಕೂತರು. ಸುಮಾ ಮುಧೋಳದಿಂದ ಬಂದಿದ್ದಳು. ಶಾಂತಕ್ಕ ಅವತ್ತೂ ಮಗ್ಗ ನಿಲ್ಲಿಸಿ ಹೆಂಗಸರ ಮುಂದಿನ ಸಾಲಿನಲ್ಲಿದ್ದಳು. ನಾನು ಕೊಟ್ಟ ಫೈಲನ್ನು ಪಾಯಪ್ಪಣ್ಣ ಪೆಟ್ಟಿಗೆಯಂಥ ಸ್ಪೀಕರಿಗೆ ಜೋಡಿಸಿದ. ಹಾರ್ಮೋನಿಯಂ ಎದ್ದಿತು, ದನಿ ಬಂತು. "ಸಂತಿ ಮುಗಿಯಿತು, ಗಂಟು ಕಟ್ಟೋ..." ಎಲ್ಲಿಯೂ ಉಸಿರು ಕಡಿದದ್ದು ಗೊತ್ತಾಗದು. ಮಂಡಳಿಯವರು ಹಿಂದೆ ಹಿಡಿದರು. ಪಾಯಪ್ಪಣ್ಣ ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಂದು ವಾರದಿಂದ ಬಾಯಿಗೆ ಬಂದಿದ್ದ ನನ್ನ ಜೀವ ಆಗ ಕೆಳಗೆ ಕೂತಿತು.

ಎರಡನೆಯ ನುಡಿ ಶುರುವಾಯಿತು. ಹಾಡುತ್ತಿದ್ದ ಯಜಮಾನರ ದನಿಯ ಮೇಲೆ ಇನ್ನೊಂದು ದನಿ ಎದ್ದಿತು. ಅದೂ ಯಜಮಾನರದೇ.

"ಥೂ! ಈ ಪಾಯಪ್ಪನ ತಾಳಕ್ಕ ಎತ್ತಗೋಳ ಸೈತ ಹೆಜ್ಜಿ ತಪ್ಪತಾವ! ಮತ್ತೊಮ್ಮೆ ಹಿಡೀಬೇಕ ಇದನ್ನ."

ಪಾಯಪ್ಪಣ್ಣನ ಕೈ ಗಾಳಿಯಲ್ಲೇ ನಿಂತಿತು.

ನನಗೆ ಸುಮಾಳ ಮುಖ ಕಂಡಿತು. ಅವಳು ಮೆಲ್ಲಗೆ ಕೇಳಿದಳು: "ಅವ್ವಾ, ತಳಗಿನ ಸಾಲಿನ ಗುಂಡಿ ಒತ್ತೀಯೇನ?" ಬೇಡವಾದ ತುಂಡುಗಳನ್ನು ಅವರು ಎಸೆಯದೆ ಆ ಸಾಲಿಗೆ ಸರಿಸಿ, ದನಿ ಮುಚ್ಚಿ ಇಟ್ಟಿದ್ದರಂತೆ. ನಾನು ದೀಪ ಹಚ್ಚಿದ್ದೆ.

"ಆರಸ್ರಿ, ಆರಸ್ರಿ!" ಎಂದೆ. ಪಾಯಪ್ಪಣ್ಣ ಆರಿಸಲಿಲ್ಲ. "ಇರ್ಲಿ ವೈನಿ, ಮುಂದ ಏನಂತಾನ ಕೇಳೂಣು" ಎಂದ.

ಮುಂದಿನದೂ ಬಂತು. "ಯಾರ ಬಂದ್ರ? ಶಾಂತಕ್ಕನೇನ? ನಾ ಮಲಗೇನಂತ ಹೇಳಿ ಕಳಸ ಆಕೀನ. ಹೊಕ್ಕಳಂದ್ರ ಎದ್ದ ಹೋಗೂದಿಲ್ಲ, ಕರೆಂಟ್ ಬಂದಬಿಡತೈತಿ!"

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಾಂತಕ್ಕ ಎದ್ದು ನಿಂತು ಫೋಟೋದ ಕಡೆ ಬೆರಳು ಮಾಡಿದಳು.

"ಅಲಾಲಾ! ಮಲಗ್ಯಾರ, ಆರಾಮಿಲ್ಲ ಅಂತ ಹೇಳ್ತಿದ್ರ, ನಾ ಖರೆ ಅಂತ ತಿಳದ ಗಂಜಿ ಮಾಡಿ ತಂದ ಕೊಡ್ತಿದ್ನಿ! ಗಂಜಿ ಕುಡದ ಹಿಂಗ ಅಂತೀರೇನ್ರೀ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮಂಡಳಿಯ ಹಿರಿಯರು ಹೊಟ್ಟೆ ಹಿಡಿದುಕೊಂಡರು. ಪಾಯಪ್ಪಣ್ಣ ಅಳುತ್ತಲೇ ನಗುತ್ತಿದ್ದ. ಅತ್ತ ಅವರ ಹಾಡು ತನ್ನ ಪಾಡಿಗೆ ನಡೆದೇ ಇತ್ತು. ನಾನು ಸೆರಗಿನಲ್ಲಿ ಮುಖ ಹುದುಗಿಸಿಕೊಂಡು, ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದೆ. ಆಗ ಸ್ಪೀಕರಿನಿಂದ, ಅಡುಗೆಮನೆಗೆ ಕೇಳಲೆಂದೇ ಎತ್ತಿದ ದನಿಯಲ್ಲಿ, ಕೂಗು ಬಂತು.

"ಏ, ಸುಮಾನ ಅವ್ವಾ! ಆ ಕುಕ್ಕರ್ ಆರಸ! ಎಷ್ಟ ಸೀಟಿ ಹೊಡಸ್ತೀ? ಕೇಳಸ್ತೈತಿಲ್ಲೋ?"

"ಆರಿಸಿದ್ನಿರೀ!" ಎಂದು ನಾನು ಎದ್ದು ಓಡಿದೆ.

ಅಡುಗೆಮನೆಯಲ್ಲಿ ಕುಕ್ಕರ್ ಇರಲಿಲ್ಲ. ಅವತ್ತಿನ ಅಡುಗೆಯೆಲ್ಲ ಹಿತ್ತಲಲ್ಲಿ, ದೊಡ್ಡ ಪಾತ್ರೆಗಳಲ್ಲಿ. ಗ್ಯಾಸಿನ ಒಲೆ ತಣ್ಣಗಿತ್ತು. ನಾನು ಅದರ ಗುಂಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಹೊರಗೆ ನಗು ನಿಂತುಹೋಗಿತ್ತು.

ಶಾಂತಕ್ಕ ಬಾಗಿಲಲ್ಲಿ ಬಂದು ನಿಂತಳು. ಜೀವನದಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದಳು.

"ಆರಿಸಿದ್ಯಾ ಬೇ?"

"ಆರೇ ಇತ್ತ."

ಆದರೂ ಗುಂಡಿಯನ್ನು ಒಮ್ಮೆ ಹಚ್ಚುವ ಕಡೆಗೆ ತಿರುಗಿಸಿ, ಮತ್ತೆ ಆರಿಸುವ ಕಡೆಗೆ ತಿರುಗಿಸಿ, ಗಟ್ಟಿಯಾಗಿ ಒತ್ತಿ ನೋಡಿ ಬಂದೆ. ಅಷ್ಟು ಜನರ ಎದುರಿಗೆ ಹೇಳಿಸಿಕೊಂಡ ಮೇಲೆ ಮಾಡದೆ ಇರಲಾಗುತ್ತದೆಯೇ!